ಎಕ್ಸ್‌ಪೆಕ್ಟ್ ಮುಂದೆ ಚುಕ್ಕಿ ಇಟ್ರೆ ಜೆಸ್ಟ್ ಪಟ್ಟಿ ಬರೋ ಹಾಗೆ ಮಾಡ್ಕೊಂಡಿದ್ದು

ಜೆಸ್ಟ್ ಅಂದ್ರೆ ಜಾವಾಸ್ಕ್ರಿಪ್ಟ್ ಕೋಡ್ ಸರಿ ಇದ್ಯಾ ಅಂತ ಟೆಸ್ಟ್ ಮಾಡೋ ಸಾಧನ, ಅದ್ರಲ್ಲಿ ಎಕ್ಸ್‌ಪೆಕ್ಟ್ ಮುಂದೆ ಉತ್ತರ ಹೋಲಿಸಿ ನೋಡೋ ಫಂಕ್ಷನ್ (ಮ್ಯಾಚರ್) ಬರೀಬೇಕು. ಈಗ ನನ್ನ ಕೋಡ್ ಎಡಿಟರ್ ವಿಎಸ್ ಕೋಡಲ್ಲಿ ಎಕ್ಸ್‌ಪೆಕ್ಟ್ ಬರ್ದು ಚುಕ್ಕಿ ಇಟ್ರೆ ಜೆಸ್ಟ್ ಮ್ಯಾಚರ್‌ಗಳ ಪಟ್ಟಿ ಪೂರ್ತಿ ಬೀಳತ್ತೆ, ನೆಟ್ ಇರ್ಲಿ ಬಿಡ್ಲಿ. "ಅಣ್ಣಾ, ಶಿರಸಿ ಮಳೇಲಿ ಕೂತು ಆ ಪಟ್ಟಿ ಹಿಂದೆ ಬೀಳ್ಬೇಡ, ಕೋಡ್ ಬರ್ದು ಕೊಡೋ ಎಐ ತಗೊಂಡು ಸುಮ್ನಿರು" ಅಂತಿದ್ರು ಬೆಂಗಳೂರಲ್ಲಿರೋ ನಮ್ ಟೀಮ್ ಹುಡುಗ್ರು.

ತಗೊಂಡಿದ್ದೆ ಮಾರಾಯ್ರೆ. ತಿಂಗಳಿಗೆ ಹತ್ರಹತ್ರ 800 ರೂಪಾಯಿ, 3 ತಿಂಗಳು. ನಂದು ಅಡಿಕೆ ದಲಾಲಿ ಅಂಗಡಿ ಲೆಕ್ಕದ ಆ್ಯಪ್, ರಾಶಿ, ಚಾಲಿ, ಬೆಟ್ಟೆ ಅಂತ ಒಂದೊಂದು ಬಗೆ ಅಡಿಕೆಗೂ ಬೇರೆ ದರ, 140 ಚಿಲ್ರೆ ಟೆಸ್ಟ್. ಎಐ ಧೈರ್ಯವಾಗಿ 'ಟುಬಿಗ್ರೇಟರ್‌ಆರ್‌ಈಕ್ವಲ್' ಅಂತ ಬರ್ದು ಕೊಡ್ತು. ನಡುವೆ 'ದ್ಯಾನ್' ಇಲ್ಲ! ರನ್ ಮಾಡಿದ್ರೆ ಅಂಥ ಫಂಕ್ಷನ್ನೇ ಇಲ್ಲ ಅಂತ ಕೆಂಪು. ಬಂದ್ ಮಾಡ್ದೆ.

ಅದಕ್ಕೂ ಮೊದ್ಲು ಎಡಿಟರ್ ಓದೋ ಸೆಟ್ಟಿಂಗ್ ಫೈಲು ಜೆಎಸ್‌ಕಾನ್ಫಿಗ್‌ನಲ್ಲಿ ಟೈಪ್ ಅಕ್ವಿಸಿಷನ್‌ಗೆ ಜೆಸ್ಟ್ ಸೇರ್ಸಿ, ಎಡಿಟರ್ರೇ ಟೈಪ್ಸ್ (ಯಾವ್ಯಾವ ಫಂಕ್ಷನ್ ಇದೆ ಅಂತ ಹೇಳೋ ಫೈಲುಗಳು, ಪಟ್ಟಿ ಬರೋದು ಇದ್ರಿಂದ) ಇಳಿಸ್ಕೊಳತ್ತೆ ಅಂತ ನಂಬಿ ಕೂತಿದ್ದೆ. ಇಳಿಸ್ಕೊಳತ್ತೆ, ಖರೆ, ಆದ್ರೆ ಅದಕ್ಕೆ ನೆಟ್ ಬೇಕು, ಜುಲೈಲಿ ನಮ್ಮನೇಲಿ ಕರೆಂಟೇ ಇರಲ್ಲ, ಮೆತ್ತಿನ (ಮಹಡಿ) ಕಿಟಕೀಲಿ ಮೊಬೈಲ್ ಇಟ್ಟು ಹಾಟ್‌ಸ್ಪಾಟ್ ಹಾಕಿ ಡೇಟಾ ಪ್ಯಾಕಿಗೇ 400-500 ಸುರ್ದೆ. ಕಡೆಗೆ ಒಂದಿನ ಸಿಗ್ನಲ್ ಸಿಕ್ಕಾಗ ಟೈಪ್ಸ್-ಜೆಸ್ಟ್ ಪ್ಯಾಕೇಜನ್ನ ಡೆವ್ ಡಿಪೆಂಡೆನ್ಸಿಯಾಗೇ (ಆ್ಯಪ್ ಕಟ್ಟುವಾಗ ಮಾತ್ರ ಬೇಕಾಗೋದು) ಹಾಕ್ಬಿಟ್ಟೆ, ಜೆಸ್ಟ್ 29ಕ್ಕೆ ಟೈಪ್ಸೂ 29. ಪ್ರಾಜೆಕ್ಟಿನ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗೇ ಕೂತ್ಮೇಲೆ ನೆಟ್ಟಿನ ಹಂಗಿಲ್ಲ.

ಗೆದ್ದೆ ಅಂದ್ಕೊಂಡು ಚುಕ್ಕಿ ಇಟ್ರೆ ಪಟ್ಟೀಲಿ ಟು, ಬಿ, ಹ್ಯಾವ್. ಇದು ಚಾಯ್ ಮಾರಾಯ್ರೆ, ಎಕ್ಸ್‌ಪೆಕ್ಟ್ ಇರೋ ಇನ್ನೊಂದು ಲೈಬ್ರರಿ, ಜೆಸ್ಟ್ ಅಲ್ಲ! ಜೆಎಸ್‌ಕಾನ್ಫಿಗ್‌ನ ಟೈಪ್ಸ್ ಸಾಲಲ್ಲಿ ಜೆಸ್ಟ್ ಒಂದೇ ಬರ್ದೆ, ಆಗ್ಲಿಲ್ಲ. ಎರಡು ಸಂಜೆ ಹೋಯ್ತು. ಮೂರನೇ ಸಂಜೆ ಎಕ್ಸ್‌ಪೆಕ್ಟ್ ಮೇಲೆ ಕರ್ಸರ್ ಇಟ್ಟು ಎಫ್12 (ಅದು ಎಲ್ಲಿಂದ ಬಂತು ಅಂತ ತೋರ್ಸೋ ಕೀ) ಒತ್ತಿದ್ರೆ ಸೀದಾ ಸೈಪ್ರೆಸ್ ಫೋಲ್ಡರಿಗೆ ಒಯ್ತು. ಸೈಪ್ರೆಸ್ ಅಂದ್ರೆ ಆ್ಯಪನ್ನ ಬ್ರೌಸರಲ್ಲಿ ಓಡ್ಸಿ ಟೆಸ್ಟ್ ಮಾಡೋ ಸಾಧನ, ಅದು ತನ್ನ ಜೊತೆ ಚಾಯ್ ಟೈಪ್ಸೂ ತರತ್ತೆ, ಅದನ್ನ ಒಳಗೆ ಎಳೀತಿದ್ದಿದ್ದು ನಾನೇ ಬರ್ದ ಸೈಪ್ರೆಸ್ ಕಾನ್ಫಿಗ್ ಫೈಲಿನ ಇಂಪೋರ್ಟ್ ಸಾಲು. ಆ ಫೈಲು, ಸೈಪ್ರೆಸ್ ಫೋಲ್ಡರು ಎರಡನ್ನೂ ಮೇಲಿನ ಜೆಎಸ್‌ಕಾನ್ಫಿಗ್‌ನ ಎಕ್ಸ್‌ಕ್ಲೂಡಿಗೆ (ಇದನ್ನ ನೋಡ್ಬೇಡ ಅನ್ನೋ ಪಟ್ಟಿ) ಹಾಕಿ, ಫೋಲ್ಡರ್ ಒಳಗೆ ಅದಕ್ಕೇ ಬೇರೆ ಕಾನ್ಫಿಗ್ ಕೊಟ್ಟು, ಟಿಎಸ್ ಸರ್ವರ್ (ಎಡಿಟರ್ ಒಳಗೆ ಪಟ್ಟಿ ಕೊಡೋದು ಇದೇ) ರೀಸ್ಟಾರ್ಟ್ ಮಾಡಿದ್ಮೇಲೆ ಟುಬಿ, ಟುಈಕ್ವಲ್, ಟುಥ್ರೋ ಎಲ್ಲಾ ಸಾಲಾಗಿ ಬಂದ್ವು. ರೀಸ್ಟಾರ್ಟ್ ಮರೀಬೇಡಿ, ಒಂದಿಡೀ ಸಂಜೆ ಹಾಳಾಗಿದ್ದು ಅದಕ್ಕೇ.

ನಡುವೆ ಸುಮ್ನೆ ಜೆಸ್ಟ್ ಥರದ್ದೇ ಇನ್ನೊಂದು ಸಾಧನ ವೈಟೆಸ್ಟೂ ನೋಡ್ದೆ. ಅದ್ರಲ್ಲಿ ಟೈಪ್ಸ್ ಪ್ಯಾಕೇಜ್ ಬೇರೆ ಬೇಡ, ಗ್ಲೋಬಲ್ಸ್ (ಇಂಪೋರ್ಟ್ ಮಾಡ್ದೇನೇ ಎಕ್ಸ್‌ಪೆಕ್ಟ್ ಸಿಗೋದು) ಆನ್ ಮಾಡಿ ಟೈಪ್ಸ್ ಸಾಲಲ್ಲಿ ವೈಟೆಸ್ಟ್ ಗ್ಲೋಬಲ್ಸ್ ಅಂತ ಕೊಟ್ರೆ ಸಾಕು. ಚಂದ ಇದೆ, ಆದ್ರೆ 140 ಟೆಸ್ಟ್ ಯಾರು ಬದಲಾಯಿಸೋರು, ಬಿಟ್ಟೆ.

ಕ್ವಿಂಟಲ್ ದರಕ್ಕೆ ನಂದೇ ಒಂದು ಮ್ಯಾಚರ್ ಇದೆ, ಅದೂ ಪಟ್ಟೀಲಿ ಬರೋ ಹಾಗೆ ಒಂದು ಡಿಟಿಎಸ್ ಫೈಲ್ (ನಂದೇ ಟೈಪ್ಸ್) ಬರ್ಕೊಂಡಿದ್ದೀನಿ. ಹೇಗೆ ಅಂತ ಇಲ್ಲಿ ಬೇಡ. ಮೊನ್ನೆ ಎಐ ತಗೋ ಅಂದ ಹುಡುಗ್ನೇ ಫೋನ್ ಮಾಡಿ "ಅಣ್ಣಾ, ಆ ಕಾನ್ಫಿಗ್ ಕಳ್ಸು" ಅಂದ. ಕಳ್ಸಿದೆ, ಡಿಟಿಎಸ್ ಬಿಟ್ಟು.