ಫೆರೆಟ್‌ನ ಕೂದಲಿಗಿಂತ ಮೊದಲು ಅದರ ರಕ್ತ

ಬಾಲದ ಬುಡದಿಂದ ಸೊಂಟದವರೆಗೆ ಕೂದಲು ಉದುರಿದ ಫೆರೆಟ್ ಅನ್ನು, ಅಂದರೆ ಮುಂಗುಸಿಯನ್ನು ಹೋಲುವ ಪುಟ್ಟ ಸಾಕುಪ್ರಾಣಿಯನ್ನು, ಚಿಕಿತ್ಸೆಗೆ ತಂದವರ ಗಮನವೆಲ್ಲ ಸಹಜವಾಗಿಯೇ ಬೋಳಾದ ಚರ್ಮದ ಮೇಲಿರುತ್ತದೆ. ಪಶುವೈದ್ಯನಾಗಿ ನಾನು ಮಾತ್ರ ಮೊದಲು ತುಟಿಯನ್ನೆತ್ತಿ ಒಸಡನ್ನು ನೋಡುತ್ತೇನೆ. ಅದು ಬಿಳಿಚಿಕೊಂಡಿದ್ದರೆ, ಅಥವಾ ಅದರ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ, ಕೂದಲಿನ ವಿಚಾರವನ್ನು ಬದಿಗಿಟ್ಟು ರಕ್ತಪರೀಕ್ಷೆಗೆ ತೊಡಗುತ್ತೇನೆ.

ಫೆರೆಟ್‌ನ ಕೂದಲು ಹೀಗೆ ಉದುರಲು ಸಾಮಾನ್ಯ ಕಾರಣ ಮೂತ್ರಪಿಂಡದ ಬಳಿಯಿರುವ ಅಡ್ರಿನಲ್ ಗ್ರಂಥಿಯ ಕಾಯಿಲೆ. ನಾಯಿಗಳಲ್ಲಿ ಈ ಗ್ರಂಥಿ ಕೆಟ್ಟರೆ ಸಾಮಾನ್ಯವಾಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ. ಫೆರೆಟ್‌ಗಳಲ್ಲಿ ಹೆಚ್ಚುವುದು ಲೈಂಗಿಕ ಹಾರ್ಮೋನುಗಳು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಪ್ರಾಣಿಯಲ್ಲಿ ಮಿದುಳಿನ ಸಂಕೇತಗಳಿಗೆ ಕಡಿವಾಣ ಹಾಕುವ ಅಂಡಾಶಯ ಅಥವಾ ವೃಷಣ ಇರುವುದಿಲ್ಲವಾದ್ದರಿಂದ, ಆ ಸಂಕೇತಗಳು ವರ್ಷಗಟ್ಟಲೆ ಅಡ್ರಿನಲ್ ಗ್ರಂಥಿಯನ್ನೇ ಪ್ರಚೋದಿಸುತ್ತ ಅದು ಊದಿಕೊಳ್ಳುವಂತೆ, ಮುಂದೆ ಗಡ್ಡೆಯಾಗುವಂತೆ ಮಾಡುತ್ತವೆ. ಗಂಡಿನಲ್ಲಿ ಪ್ರಾಸ್ಟೇಟ್ ಹಿಗ್ಗಿ ಮೂತ್ರ ಕಟ್ಟಬಹುದು. ಹೆಣ್ಣಿನಲ್ಲಿ ಯೋನಿದ್ವಾರ ಊದುತ್ತದೆ. ಈಸ್ಟ್ರೊಜೆನ್ ದೀರ್ಘಕಾಲ ಹೆಚ್ಚಿದ್ದರೆ ಅಸ್ಥಿಮಜ್ಜೆ ಕುಗ್ಗಿ, ಕೆಂಪು ರಕ್ತಕಣಗಳ ಜೊತೆಗೆ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯುತ್ತವೆ.

ರಕ್ತ ತೆಗೆಯುವಾಗ ಒಂದು ಎಚ್ಚರಿಕೆ ಅಗತ್ಯ. ಐಸೊಫ್ಲುರೇನ್ ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ಫೆರೆಟ್‌ನ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಕುಸಿಯುವುದರಿಂದ, ಆರೋಗ್ಯವಂತ ಪ್ರಾಣಿಯೂ ವರದಿಯಲ್ಲಿ ರಕ್ತಹೀನವಾಗಿ ಕಾಣಬಹುದು. ಹಾಗಾಗಿ ಸಾಧ್ಯವಾದಷ್ಟೂ ಅರಿವಳಿಕೆಯಿಲ್ಲದೆ, ನಾಲಿಗೆಗೆ ರುಚಿಯಾದದ್ದೇನನ್ನಾದರೂ ನೆಕ್ಕಿಸುತ್ತ, ಬೇಕಾದಷ್ಟೇ ರಕ್ತ ತೆಗೆಯುತ್ತೇನೆ. ಒಂದು ಕಿಲೋ ತೂಕದ ಫೆರೆಟ್‌ನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 60 ಮಿಲಿ.

ನಾನು ನೋಡಿಕೊಂಡ ಒಂದು ಹೆಣ್ಣು ಫೆರೆಟ್‌ನ ಹೆಮಟೋಕ್ರಿಟ್ ಶೇ. 15ಕ್ಕಿಂತ ಕೆಳಗಿತ್ತು, ಇರಬೇಕಾದದ್ದು ಶೇ. 40ಕ್ಕೂ ಮೇಲೆ. ಎಳೆಯ ರಕ್ತಕಣಗಳಾದ ರೆಟಿಕ್ಯುಲೊಸೈಟ್‌ಗಳು ಕಾಣಲೇ ಇಲ್ಲವೆಂದರೆ ರಕ್ತ ಸೋರಿ ಹೋಗಿದ್ದಕ್ಕಿಂತ ಹೆಚ್ಚಾಗಿ ಮಜ್ಜೆಯೇ ಕೈಚೆಲ್ಲಿದೆ ಎಂದರ್ಥ. ಆದರೂ ಅಡ್ರಿನಲ್ ಕಾಯಿಲೆಯೊಂದೇ ರಕ್ತವನ್ನು ಇಷ್ಟು ಕೆಳಗಿಳಿಸುವುದು ಅಪರೂಪವಾದ್ದರಿಂದ ಕಪ್ಪು ಮಲ, ಹೊಟ್ಟೆಹುಣ್ಣು, ಚಿಗಟ, ಲಿಂಫೋಮಾ ಎಂಬ ಕ್ಯಾನ್ಸರ್, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಉಳಿದುಹೋದ ಅಂಡಾಶಯದ ಚೂರು, ಇವನ್ನೆಲ್ಲ ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕಿದ ಮೇಲೆಯೇ ಅಲ್ಟ್ರಾಸೌಂಡ್‌ನಲ್ಲಿ ಕಂಡ ಎಡ ಗ್ರಂಥಿಯ ಮೇಲೆ ಹೊಣೆ ಹೊರಿಸಿದೆ.

ಫೆರೆಟ್‌ಗಳಲ್ಲಿ ರಕ್ತದ ಗುಂಪುಗಳು ಇದುವರೆಗೆ ಕಂಡುಬಂದಿಲ್ಲ ಎಂಬುದು ನಮ್ಮಂಥವರಿಗೆ ದೊಡ್ಡ ಉಪಕಾರ. ದಷ್ಟಪುಷ್ಟವಾದ ಗಂಡು ಫೆರೆಟ್‌ನಿಂದ ರಕ್ತ ಪಡೆದು ನಿಧಾನವಾಗಿ ಏರಿಸಿದೆವು. ಪ್ಲೇಟ್‌ಲೆಟ್‌ಗಳು ಅಷ್ಟು ಕಡಿಮೆಯಿರುವಾಗ ಹೊಟ್ಟೆಗೆ ಕತ್ತಿ ಹಾಕುವುದು ದುಸ್ಸಾಹಸವೆಂದು ಡೆಸ್ಲೊರೆಲಿನ್ ಇಂಪ್ಲಾಂಟ್ ಅನ್ನು, ಅಂದರೆ ನಿಧಾನವಾಗಿ ಔಷಧ ಬಿಡುವ ಸಣ್ಣ ಗುಳಿಗೆಯನ್ನು, ಭುಜಗಳ ನಡುವೆ ಚರ್ಮದಡಿ ಇಟ್ಟೆ. ಅದು ಆರಂಭದಲ್ಲಿ ಹಾರ್ಮೋನನ್ನು ತುಸು ಕೆರಳಿಸಿ ಆಮೇಲೆ ತಗ್ಗಿಸುತ್ತದೆ. ಈ ನಡುಗಾಲದಲ್ಲಿ ಪ್ರಾಣಿಯ ಒಡೆಯರು ಗಾಬರಿಯಾಗದಂತೆ ಮೊದಲೇ ಹೇಳಿಡುವುದು ಲೇಸು. ಯೋನಿದ್ವಾರದ ಊತ ಮೊದಲು ಇಳಿಯಿತು, ಕೂದಲು ತಡವಾಗಿ ಬಂತು, ಮಜ್ಜೆಯ ಚೇತರಿಕೆ ಎಲ್ಲಕ್ಕಿಂತ ನಿಧಾನವಾಗಿತ್ತು.

ಇಂಪ್ಲಾಂಟ್ ಹಾರ್ಮೋನನ್ನು ಹತ್ತಿಕ್ಕುತ್ತದೆಯೇ ಹೊರತು ಗಡ್ಡೆಯನ್ನು ಕರಗಿಸುವುದಿಲ್ಲ. ಪ್ಲೇಟ್‌ಲೆಟ್‌ಗಳು ಸಹಜ ಮಟ್ಟಕ್ಕೆ ಮರಳಿದ ನಂತರ ಎಡ ಗ್ರಂಥಿಯನ್ನು ತೆಗೆದೆವು. ಬಲಗಡೆಯದಾಗಿದ್ದರೆ, ಅದು ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಗೆ ಅಂಟಿಕೊಂಡಿರುವುದರಿಂದ, ನಾನು ಶಸ್ತ್ರಚಿಕಿತ್ಸೆಗೆ ಅಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ.