ಎರೆ ಮಣ್ಣಿನ ಮೇಲೆ ಕುದುರೆ ಕ್ಲಬ್: ನನ್ನ ಅನುಭವ

ಈ ವರ್ಷವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸ್ಟ್ರೇಲಿಯಾದ ನಮ್ಮ ಕುದುರೆ ಸವಾರಿ ಕ್ಲಬ್ಬಿನ ಒಂದು ರ‍್ಯಾಲಿಯೂ ಕ್ಯಾನ್ಸಲ್ ಆಗಲಿಲ್ಲ. (ರ‍್ಯಾಲಿ ಅಂದರೆ ಮಕ್ಕಳು ಕುದುರೆ ತಂದು ಸವಾರಿ ಕಲಿಯುವ ದಿನ.) ಸತತ ನಾಲ್ಕನೇ ಚಳಿಗಾಲ ಇದು. 2021ರಲ್ಲಿ ಅರೀನಾಕ್ಕೆ, ಅಂದರೆ ಸವಾರಿ ಮಾಡುವ ಅಂಗಳಕ್ಕೆ, "ಅಡಿಪಾಯ ಮಾಡಿ, ಮರಳು ಹಾಕದೆ ಒಂದು ಚಳಿಗಾಲ ಬರಿದೇ ಬಿಡೋಣ" ಎಂದು ನಾನು ಹೇಳಿದಾಗ ಕಮಿಟಿಯ ಏಳು ಜನರಲ್ಲಿ ಐದು ಜನ ಬೇಡ ಅಂದಿದ್ದರು. ಎರಡನೇ ಸಲ ಓಟಿಗೆ ಹಾಕಿದಾಗ ನಾಲ್ಕು–ಮೂರರಲ್ಲಿ ಗೆದ್ದೆ. ಈಗ ಅದೇ ಜನ ಬೇರೆ ಕ್ಲಬ್ಬಿನವರನ್ನು ಕರೆತಂದು ತೋರಿಸುತ್ತಾರೆ. ಮೆಲ್ಬರ್ನ್‌ನ ಇಬ್ಬರು ಕನ್ನಡದ ಗೆಳೆಯರು, ಅವರೂ ಕುದುರೆ ಸಾಕಿದವರು, ಲೆಕ್ಕ ಸಮೇತ ಬರೆದುಕೊಡು ಅಂದರು. ಅದಕ್ಕೇ ಇದು. ಅಂಕಿಗಳು ನೆನಪಿನಿಂದ, ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ನಾವಿರುವುದು ವಿಕ್ಟೋರಿಯಾದ ವಿಮ್ಮೆರಾದಲ್ಲಿ, ಹಾರ್ಷಮ್‌ನಿಂದ ಅರ್ಧ ಗಂಟೆ ದಾರಿ. ಗೋಧಿ, ಬಾರ್ಲಿ, ಮಸೂರ್ ಬೇಳೆ, ಕಡಲೆ ಬೆಳೆಯುವ ಸೀಮೆ. ನನ್ನ ಕೆಲಸ ಕಾಳು ಸ್ವಚ್ಛ ಮಾಡುವ ಶೆಡ್ಡಿನಲ್ಲಿ. ಊರು ಗದಗ ಜಿಲ್ಲೆ. ಇಲ್ಲಿಗೆ ಬಂದ ಮೊದಲ ವಾರ ಹೊಲದಲ್ಲಿ ಇಳಿದು ಒಂದು ಹೆಂಟೆ ಕೈಗೆ ತೆಗೆದುಕೊಂಡಾಗಲೇ ಗೊತ್ತಾಯಿತು, ಇದು ನಮ್ಮ ಎರೆ. ನಮ್ಮದು ಕಪ್ಪು, ಇಲ್ಲಿಯದು ಬೂದು, ಅಷ್ಟೇ ವ್ಯತ್ಯಾಸ. ಮಳೆ ಬಂದರೆ ಬೂಟಿಗೆ ಮೂರು ಕೇಜಿ ಅಂಟುತ್ತದೆ. ಫೆಬ್ರವರಿಯಲ್ಲಿ ಬಿರಿದರೆ ಗೊರಸು ಕೆರೆಯುವ ಕೊಕ್ಕೆ ಬಿರುಕಿನಲ್ಲಿ ಬಿದ್ದು ಕೈಗೆ ಸಿಗುವುದಿಲ್ಲ.

ಇಂಥ ಮಣ್ಣಿನ ಮೇಲೆ ನಮ್ಮ ಅರೀನಾ. 60 ಮೀಟರ್ ಉದ್ದ, 20 ಅಗಲ. 2016ರಲ್ಲಿ ಮಗಳ ಸಲುವಾಗಿ ಸೇರಿದಾಗ ಸದಸ್ಯರು 14 ಜನ. ಇಲ್ಲಿ ಮಳೆಗಾಲವೇ ಚಳಿಗಾಲ. ಜೂನ್ ಬಂತೆಂದರೆ ಕೆಸರು, ರ‍್ಯಾಲಿ ಬಂದ್. ನಾಲ್ಕು ತಿಂಗಳು ಕುದುರೆ ಹತ್ತದ ಮಕ್ಕಳು ಮುಂದಿನ ವರ್ಷ ಫೀಸು ಕಟ್ಟುವುದಿಲ್ಲ. ಇನ್ಶೂರೆನ್ಸು, ಸಂಘದ ಅಫಿಲಿಯೇಶನ್ನು, ಕರೆಂಟು, ನೀರು ಮಾತ್ರ ಹನ್ನೆರಡು ತಿಂಗಳೂ ಕಟ್ಟಲೇಬೇಕು. ವರ್ಷಕ್ಕೆ ಫೀಸಿನಿಂದ 2,500 ಡಾಲರ್ ಬಂದರೆ 3,000 ಹೋಗುತ್ತಿತ್ತು. ಕೋಚ್ ಸಿಗುವುದಿಲ್ಲ, ಮಕ್ಕಳಿಗೆ ಫೋನ್ ಹುಚ್ಚು ಅಂತ ಎಲ್ಲರೂ ಕಾರಣ ಹೇಳುತ್ತಿದ್ದರು. ನನ್ನ ಕಣ್ಣಿಗೆ ಕಂಡದ್ದು ಒಂದೇ, ನೆಲ. ನೆಲ ಸರಿ ಇದ್ದರೆ ಕ್ಲಬ್ ಇರುತ್ತದೆ.

ಮೊದಲು ಸೋತ ಕಥೆ ಹೇಳುತ್ತೇನೆ. ದುಡ್ಡು ಹೋದದ್ದು ಅಲ್ಲೇ.

2017ರಲ್ಲಿ ಮರಳು ತರಿಸಿದೆವು. ಹತ್ತು ಸೆಂಟಿಮೀಟರ್ ದಪ್ಪ, ಎರೆಯ ಮೇಲೆ ನೇರವಾಗಿ. ಸುಮಾರು 185 ಟನ್, ಟನ್ನಿಗೆ ಹೆಚ್ಚು ಕಡಿಮೆ 40 ಡಾಲರ್, ಒಟ್ಟು ಏಳು ಸಾವಿರ ಚಿಲ್ಲರೆ. ಕ್ಲಬ್ಬಿನ ಆರು ವರ್ಷದ ಉಳಿತಾಯ ಅದು. ಮೊದಲ ಚಳಿಗಾಲ ಚೆನ್ನಾಗಿತ್ತು. ಎರಡನೇ ಚಳಿಗಾಲಕ್ಕೆ ಗೊರಸು ತುಳಿತುಳಿದು ಮರಳು ಕೆಳಗೆ, ಎರೆ ಮೇಲೆ. ಮೂರನೆಯದಕ್ಕೆ ಮರಳು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಒಬ್ಬ ಹುಡುಗಿ ರೇಸಿನಿಂದ ಬಿಡಿಸಿ ತಂದಿದ್ದ ಕುದುರೆ ಮುಂಗಾಲಿನ ಟೆಂಡನ್ (ಸ್ನಾಯುರಜ್ಜು) ಎಳೆದುಕೊಂಡು, ಅದನ್ನು ಎಂಟು ತಿಂಗಳು ನಿಲ್ಲಿಸಬೇಕಾಯಿತು. ಆ ದಿನ ಅವಳು ಫ್ಲೋಟ್ (ಕುದುರೆ ಸಾಗಿಸುವ ಗಾಡಿ) ಹತ್ತಿರ ಕುಳಿತು ಅತ್ತದ್ದು ಇವತ್ತಿಗೂ ಮರೆತಿಲ್ಲ.

2018ರಲ್ಲಿ ಮರದ ಚೂರು ಹಾಕಿದೆವು. ಪುಕ್ಕಟೆ ಸಿಕ್ಕಿತ್ತು. ಒಂದು ಮಳೆಗೆ ಜಾರತೊಡಗಿತು, ಒಂದು ವರ್ಷಕ್ಕೆ ಕೊಳೆತು ಗೊಬ್ಬರವಾಯಿತು. ಅದನ್ನು ಕೆರೆದು ಹೊರಹಾಕಲು ಎರಡು ಶನಿವಾರ, ಹನ್ನೊಂದು ಜನ.

2019ರ ಬರದಲ್ಲಿ ಜಿಪ್ಸಮ್ ಪ್ರಯೋಗ. ಇಲ್ಲಿಯ ರೈತರು ಎಕರೆಗೆ ಒಂದು ಟನ್ನಿನಂತೆ ಹಾಕುತ್ತಾರೆ, ಎರೆ ಸಡಿಲಾಗುತ್ತದೆ. ನಾವು ಮೂರನೇ ಒಂದು ಎಕರೆಗೂ ಕಡಿಮೆ ಜಾಗಕ್ಕೆ ಒಂದು ಟನ್ ಹಾಕಿದೆವು. ಮಣ್ಣು ರವೆಯ ಹಾಗೆ ಉದುರಾಯಿತು. ಮಸೂರ್ ಬಿತ್ತಲು ಬಲು ಚೆನ್ನ. ಆದರೆ ಕುದುರೆಗೆ ಬೇಕಾದ್ದು ಕೆಳಗೆ ಗಟ್ಟಿ, ಮೇಲೆ ಮೆತ್ತಗೆ. ಜಿಪ್ಸಮ್ ಕೊಟ್ಟದ್ದು ಅದಕ್ಕೆ ಉಲ್ಟಾ.

ಆ ವರ್ಷದ್ದೇ ಇನ್ನೊಂದು ಪ್ರಯೋಗ, ನೆಲಕ್ಕೆ ಸಂಬಂಧ ಇಲ್ಲದ್ದು. ಕುದುರೆ ಇಲ್ಲದ ಮನೆಯ ಮಕ್ಕಳಿಗಾಗಿ ಕ್ಲಬ್ಬಿನ ಹೆಸರಲ್ಲೇ ಎರಡು ಮುದಿ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆ ಇಟ್ಟೆವು. ಗಾಡಿ ರೇಸಿನಿಂದ ನಿವೃತ್ತಿಯಾದವು, ಕುರಿಯಂಥ ಸ್ವಭಾವ. ಮಕ್ಕಳು ಮುಗಿಬಿದ್ದರು. ಆದರೆ ಬರಕ್ಕೆ ಹುಲ್ಲಿನ ಬೆಲೆ ಏರಿತು. ಎಂಟು ಡಾಲರ್‌ಗೆ ಸಿಗುತ್ತಿದ್ದ ಸಣ್ಣ ಬೇಲು (ಹುಲ್ಲಿನ ಕಟ್ಟು) ಹದಿನೆಂಟಕ್ಕೂ ಸಿಗಲಿಲ್ಲ. ಲಾಳ, ಹಲ್ಲು, ಹುಳದ ಔಷಧಿ ಬೇರೆ. ಒಂಬತ್ತು ತಿಂಗಳಲ್ಲಿ ನಾಲ್ಕು ಸಾವಿರ ಕೈಬಿಟ್ಟಿತು. ಎರಡೂ ಕುದುರೆಗೆ ಒಳ್ಳೆಯ ಮನೆ ಹುಡುಕಿಕೊಟ್ಟೆವು. ಕ್ಲಬ್ ಕುದುರೆ ಸಾಕಬಾರದು ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಈಗ ಮನೆಯಲ್ಲಿ ಸುಮ್ನೆ ನಿಂತಿರುವ ಕುದುರೆಗಳನ್ನು ಮಾಲೀಕರ ಜೊತೆ ಹೊಂದಿಸಿ, ವಾರಕ್ಕೊಂದು ದಿನ ಮಗುವಿಗೆ ಕೊಡಿಸುತ್ತೇವೆ. ಕರಾರು ಒಂದೇ ಪುಟ. ಹುಲ್ಲಿನ ಖರ್ಚು ಮಾಲೀಕರದ್ದು, ಲಾಳದ ಅರ್ಧ ಮಗುವಿನ ಮನೆಯವರದ್ದು.

2020ರಲ್ಲಿ ಲಾಕ್‌ಡೌನ್. ರ‍್ಯಾಲಿ ಇಲ್ಲ, ಕೆಲಸವೂ ಕಡಿಮೆ. ಊರಿಗೆ ಫೋನ್ ಮಾಡುವುದು ಜಾಸ್ತಿಯಾಯಿತು. ಒಂದು ದಿನ ದೊಡ್ಡಪ್ಪನ ಹತ್ತಿರ ಅರೀನಾದ ಗೋಳು ಹೇಳಿಕೊಂಡೆ. ಅವರು ಎಂದೂ ಕುದುರೆ ಹತ್ತಿದವರಲ್ಲ. ಕೇಳಿದ್ದು ಒಂದೇ ಮಾತು: "ಅಲ್ಲೋ, ಎರಿ ಹೊಲದಾಗ ಕಣ ಮಾಡೂದು ಮರತೀಯೇನು? ಗರಸು ಹಾಕಿ, ನೀರು ಹೊಡದು, ರೋಣಗಲ್ಲು ಉಳ್ಳಸಿದ್ರ ಎತ್ತು ಹಂತಿ ತುಳಿತಾವಲ್ಲ?" (ರೋಣಗಲ್ಲು ಅಂದರೆ ಕಣದ ಉರುಳುಗಲ್ಲು, ಹಂತಿ ಅಂದರೆ ತೆನೆ ತುಳಿಯಲು ಸುತ್ತು ಹೊಡೆಯುವ ಎತ್ತುಗಳ ಸಾಲು.) ಆಮೇಲೆ ಮಾಳಿಗೆ ಮನೆಯ, ಅಂದರೆ ಮಣ್ಣಿನ ಚಪ್ಪಟೆ ಮಾಡಿನ ಮನೆಯ, ಮಾತು ಬಂತು. "ಮಾಳಗಿಗೆ ಮಣ್ಣು ಹಾಕಿದ ಮ್ಯಾಲೆ ಮೊದಲನೇ ಮಳಿ ನಿಂತು ನೋಡಬೇಕಪಾ. ನೀರು ಎಲ್ಲಿ ನಿಂದರತೈತಿ ಅಂತ ಅದ ಹೇಳತೈತಿ."

ಇಡೀ ಉಪಾಯ ಇದೇ: ಗಟ್ಟಿ ಅಡಿಪಾಯ ಒತ್ತುವುದು, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ನೋಡಿ ಸರಿಮಾಡಿದ ಮೇಲೆಯೇ ಮರಳು ಹಾಕುವುದು. ಉಳಿದದ್ದೆಲ್ಲ ಕೈಕೆಲಸ.

ಕಂಟ್ರಾಕ್ಟರ್ ಒಬ್ಬರಿಂದ ಕೊಟೇಶನ್ ತರಿಸಿದ್ದೆವು: 68,000 ಡಾಲರ್. ನಾವು ಮುಗಿಸಿದ್ದು ಸುಮಾರು 13,000ದಲ್ಲಿ. ಐದು ಸಾವಿರ ಒಂದು ಸಣ್ಣ ಗ್ರಾಂಟ್. ಮೂರೂವರೆ ಸಾವಿರ ಒಬ್ಬ ಸದಸ್ಯರು ಬಡ್ಡಿ ಇಲ್ಲದೆ ಕೊಟ್ಟ ಸಾಲ, ಹದಿನಾಲ್ಕು ತಿಂಗಳಲ್ಲಿ ತೀರಿಸಿದೆವು. ಉಳಿದ ನಾಲ್ಕೂವರೆ ಸಾವಿರ ನಮ್ಮ ಅಡುಗೆಯ ದುಡ್ಡು, ಅದನ್ನು ಮುಂದೆ ಹೇಳುತ್ತೇನೆ. ಗ್ರಾಂಟ್ ಅರ್ಜಿಯಲ್ಲಿ ಯಾವ ಪದ ಬಳಸಿದೆ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಅರ್ಜಿಗೂ ಅದೇ ಬೇಕು. ಒಂದು ಮಾತು ಮಾತ್ರ: ಜಾಗ ಸರಕಾರಿ ರಿಸರ್ವ್ ಆದರೆ ಗುದ್ದಲಿ ಎತ್ತುವ ಮೊದಲು ಬರೆದ ಒಪ್ಪಿಗೆ ಕೈಯಲ್ಲಿ ಇರಲಿ.

ಕೆಲಸ ಶುರು ಮಾಡಿದ್ದು 2021ರ ಏಪ್ರಿಲ್ ಕೊನೆಗೆ. ಇಲ್ಲಿಯ ಹಳಬರು ಆನ್ಜ್ಯಾಕ್ ದಿನದ, ಅಂದರೆ ಏಪ್ರಿಲ್ 25ರ, ಆಚೀಚೆ ಬಿತ್ತನೆ ಹಿಡಿಯುತ್ತಾರೆ. ಮೊದಲ ಮಳೆ ಬಿದ್ದಿರುತ್ತದೆ, ಮಣ್ಣು ಹದಕ್ಕೆ ಬಂದಿರುತ್ತದೆ. ನನಗೂ ಆ ಹದವೇ ಬೇಕಿತ್ತು. ಒಣ ಎರೆಗೆ ಬ್ಲೇಡ್ ಹಾಕಿದರೆ ಇಟ್ಟಿಗೆಯಂಥ ಹೆಂಟೆ ಏಳುತ್ತದೆ, ಹಸಿಗೆ ಹಾಕಿದರೆ ಟೈರಿಗೇ ಸುತ್ತಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಒಂದು ಗೇಣು ಆಳದಿಂದ ಮಣ್ಣು ತೆಗೆದು ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡುತ್ತಿದ್ದೆ. ಪುಡಿಯಾದರೆ ಇನ್ನೂ ಒಣ. ಚಪ್ಪಟೆಯಾಗಿ ಕೂತರೆ ಹಸಿ. ಎರಡು ಮೂರು ಹೋಳಾದರೆ ಹದ. ಒಂಬತ್ತನೇ ದಿನ ಮೂರು ಹೋಳಾಯಿತು. ಅವತ್ತೇ ರೈತ ಸದಸ್ಯರಿಗೆ ಫೋನ್ ಹಚ್ಚಿದೆ. ಬಿತ್ತನೆಯ ನಡುವೆ ಟ್ರ್ಯಾಕ್ಟರ್ ಬಿಡಿಸಿಕೊಂಡು ಬಂದರು. ಆ ಉಪಕಾರಕ್ಕೆ ಏನು ಕೊಟ್ಟರೂ ಸಾಲದು.

ಅಗೆದು ಗುಂಡಿ ಮಾಡಲಿಲ್ಲ. ಎರೆಯಲ್ಲಿ ಗುಂಡಿ ಮಾಡಿದರೆ ಅದು ಕೆರೆ. ಸುತ್ತಲ ಮಣ್ಣು ಎಳೆದು ಅರೀನಾವನ್ನೇ ಎತ್ತರಿಸಿದೆವು. ಇಪ್ಪತ್ತು ಮೀಟರ್ ಅಗಲಕ್ಕೆ ಒಂದೇ ಕಡೆ ಮೂವತ್ತು ಸೆಂಟಿಮೀಟರ್ ಇಳಿಜಾರು. ಕೆಳಗಿನ ಅಂಚಿಗೆ ಕಾಲುವೆ. ಎತ್ತರಿಸಿದ ಮಣ್ಣಿನ ಮೇಲೆ ಜಿಯೋ ಬಟ್ಟೆ (ಮಣ್ಣಿನ ಪದರ ಬೇರೆ ಇಡುವ ಗಟ್ಟಿ ಹಾಸು), ಮಡಿಕೆ ಸೇರಿ 1,350 ಚದರ ಮೀಟರ್, ಸುಮಾರು 2,600 ಡಾಲರ್. ಎರೆ ಮೇಲೆ ಬರದಂತೆ ತಡೆಯುವುದು ಈ ಬಟ್ಟೆಯೇ, ಇಲ್ಲಿ ಜುಗ್ಗತನ ಮಾಡಬೇಡಿ. ಅದರ ಮೇಲೆ ಗರಸು, ಅಂದರೆ ಇಲ್ಲಿಯ ಕ್ವಾರಿಯ ರಸ್ತೆಗೆ ಹಾಕುವ ಜಲ್ಲಿಪುಡಿ, ಒತ್ತಿದ ಮೇಲೆ ಹದಿನೈದು ಸೆಂಟಿಮೀಟರ್. ಹೆಚ್ಚು ಕಡಿಮೆ 370 ಟನ್. ಧಾನ್ಯದ ಲಾರಿ ಇದ್ದ ಮೂವರು ಸದಸ್ಯರು ಹೊತ್ತು ತಂದಿದ್ದರಿಂದ ಕ್ವಾರಿ ದರ ಮಾತ್ರ ಬಿತ್ತು, 5,200 ಡಾಲರ್. ರೋಲರ್ ನಾಲ್ಕು ದಿನ ಬಾಡಿಗೆ, ಏಳುನೂರು. ನೀರು ಹೊಡೆದು ಉರುಳಿಸುವುದು, ಮತ್ತೆ ನೀರು, ಮತ್ತೆ ಉರುಳಿಸುವುದು. ಕೊನೆಗೆ ಲಾಳದ ಹಿಮ್ಮಡಿ ಒತ್ತಿದರೂ ಗುರುತು ಬೀಳಲಿಲ್ಲ.

ಆಮೇಲೆ ಬಿಟ್ಟೆವು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಬರಿ ಕಲ್ಲು ಅಡಿಪಾಯ. "ದುಡ್ಡು ಹಾಕಿ ಪಾರ್ಕಿಂಗ್ ಜಾಗ ಮಾಡಿದ್ದೀಯ" ಅಂತ ಒಬ್ಬ ಹಿರಿಯರು ಮುಖಕ್ಕೇ ಅಂದರು. ನಾನು ಉತ್ತರ ಕೊಡಲಿಲ್ಲ. ಮಳೆ ಬಂದ ರಾತ್ರಿಯ ಮರುದಿನ ಆರು ಗಂಟೆಗೆ ಟಾರ್ಚು ಹಿಡಿದು ಹೋಗುತ್ತಿದ್ದೆ. ನೀರು ನಿಂತ ಕಡೆ ಅಂಚಿನ ಸುತ್ತ ಬಣ್ಣದ ಡಬ್ಬಿಯಿಂದ ಗೆರೆ. ಮೊದಲ ದೊಡ್ಡ ಮಳೆಗೆ ಹನ್ನೊಂದು ಗೆರೆ. ಅತಿ ದೊಡ್ಡದು ಒಂದು ಮೂಲೆಯ ಹತ್ತಿರ, ಒಂದು ಕುದುರೆಯಷ್ಟು ಉದ್ದ. ಇದರ ಮೇಲೆ ಮರಳು ಹಾಕಿದ್ದರೆ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ ಅಲ್ವಾ? ಕೆಳಗೆ ನೀರು ನಿಂತು ಎರೆ ಉಬ್ಬಿ, ಎರಡು ವರ್ಷದಲ್ಲಿ ಎಲ್ಲ ಹಳೇ ಕಥೆ.

ಗುಂಡಿಗೆ ಮೇಲಿಂದ ತೆಳುವಾಗಿ ಜಲ್ಲಿ ಸುರಿಯಬಾರದು. ಹಪ್ಪಳದ ಹಾಗೆ ಎದ್ದು ಬರುತ್ತದೆ, ಮೊದಲೆರಡರಲ್ಲಿ ನಾನೂ ಆ ತಪ್ಪು ಮಾಡಿದೆ. ಹಾರೆಯಿಂದ ಕೆದರಿ, ಅದೇ ಜಲ್ಲಿ ಬೆರೆಸಿ, ನೀರು ಹಾಕಿ, ಮತ್ತೆ ಒತ್ತಬೇಕು. ಜುಲೈಗೆ ನಾಲ್ಕು ಉಳಿದವು, ಆಗಸ್ಟ್ ಕೊನೆಗೆ ಒಂದೂ ಇರಲಿಲ್ಲ.

ನವೆಂಬರ್‌ನಲ್ಲಿ ಮರಳು. ಬರೀ ಐದು ಸೆಂಟಿಮೀಟರ್. ಇದಕ್ಕೂ ಜಗಳ ಆಯಿತು, ಹತ್ತು ಬೇಕು ಅಂತ. ಹಾಕಿದ್ದನ್ನು ತೆಗೆಯುವುದು ಕಷ್ಟ, ಬೇಕಾದರೆ ಸೇರಿಸಬಹುದು ಅಂದೆ. ಸುಮಾರು 95 ಟನ್, 3,900 ಡಾಲರ್. ಎರಡು ಬಗೆಯ ಮರಳು ಬೆರೆಸಿದ್ದೇವೆ. ಯಾವುದು, ಎಷ್ಟಕ್ಕೆ ಎಷ್ಟು, ಅದು ನಮ್ಮ ಕ್ಲಬ್ಬಿನ ಗುಟ್ಟಾಗಿಯೇ ಇರಲಿ. ಇಷ್ಟು ಹೇಳುತ್ತೇನೆ: ಗುಂಡಗಿನ ಮರಳೊಂದನ್ನೇ ಹಾಕಿದರೆ ಕುದುರೆಯ ಕಾಲು ಗೋಲಿಯ ಮೇಲೆ ಇಟ್ಟ ಹಾಗೆ ಜಾರುತ್ತದೆ.

ನಿಜವಾದ ಪರೀಕ್ಷೆ 2022ರ ಅಕ್ಟೋಬರ್. ವಿಕ್ಟೋರಿಯಾದಲ್ಲಿ ದಾಖಲೆ ಮಳೆ, ರಾಜ್ಯದ ಎಷ್ಟೋ ಊರಿಗೆ ನೆರೆ. ನಮ್ಮ ಸುತ್ತಲಿನ ಹೊಲಗಳಲ್ಲಿ ಟ್ರ್ಯಾಕ್ಟರ್ ಹೂತಿದ್ದವು. ಅರೀನಾದಿಂದ ನೀರು ಕಾಲುವೆಗೆ ಇಳಿದು ಹೋಯಿತು, ಮಳೆ ನಿಂತು ಮೂರು ಗಂಟೆಯೊಳಗೆ ಮಕ್ಕಳು ಕುದುರೆಯನ್ನು ಟ್ರಾಟ್, ಅಂದರೆ ಮೆಲ್ಲನೆಯ ಓಟ, ಓಡಿಸುತ್ತಿದ್ದರು. "ಪಾರ್ಕಿಂಗ್" ಅಂದಿದ್ದ ಹಿರಿಯರು ಬೇಲಿ ಹಿಡಿದು ಬಹಳ ಹೊತ್ತು ನಿಂತರು. ಮುಂದಿನ ವಾರ ತಮ್ಮ ಮನೆಯ ಅಂಗಳಕ್ಕೆ ಇಳಿಜಾರು ಎಷ್ಟು ಇಡಲಿ ಅಂತ ನನಗೇ ಫೋನ್ ಮಾಡಿದರು.

ಅಡುಗೆಯ ದುಡ್ಡಿನ ವಿಚಾರ. ಬನ್ನಿಂಗ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯ ಮುಂದೆ ಸಾಸೇಜ್ ಸುಟ್ಟು ಮಾರುವ ಪಾಳಿ ಇಲ್ಲಿಯ ಸಂಘಗಳಿಗೆ ಸಿಗುತ್ತದೆ, ಲಾಭ ಸಂಘದ್ದೇ. ಆಗಿನ ಎರಡೂವರೆ ಡಾಲರ್ ದರದಲ್ಲಿ ದಿನಕ್ಕೆ ಆರು ಏಳುನೂರು ಉಳಿಯುತ್ತಿತ್ತು. 2022ರಲ್ಲಿ ದರ ಮೂರೂವರೆ ಆಯಿತು, ಈಗ ಇನ್ನೂ ಚೆನ್ನ. ಆದರೆ ಪಾಳಿ ವರ್ಷಕ್ಕೆ ಒಂದೆರಡು ಸಲವೇ ಸಿಗುವುದು. ನಮ್ಮದೇ ಜಿಮ್‌ಖಾನಾದಲ್ಲಿ (ಕುದುರೆ ಆಟೋಟದ ದಿನ) ಏನಾದರೂ ಬೇರೆ ಮಾಡೋಣ ಅಂತ ನನ್ನ ಹೆಂಡತಿ ಮಿರ್ಚಿ ಭಜಿ ಕರಿದಳು. ಗದಗಿನ ಕೈ ಅದು. ಹಿಟ್ಟು ವಿಮ್ಮೆರಾದ ಕಡಲೆಯದೇ, ಗೆಳೆಯನ ಗಿರಣಿಯಲ್ಲಿ ಬೀಸಿದ್ದು. ಮೆಣಸಿನಕಾಯಿ ಖಾರ ಇಲ್ಲದ ದಪ್ಪನೆಯದು, ಒಳಗೆ ಚೂರು ಹುಣಸೆ, ಜೀರಿಗೆ. ಐದು ಡಾಲರ್‌ಗೆ ಮೂರು. ಮೊದಲ ಸಲ 150 ಕರಿದಿದ್ದೆವು, ಬ್ಯಾರೆಲ್ ರೇಸ್ ಶುರುವಾಗುವ ಮೊದಲೇ ಖಾಲಿ. ಈಗ ಒಂದು ಜಿಮ್‌ಖಾನಾಕ್ಕೆ 500 ಭಜಿ, ಸಾಸೇಜಿಗಿಂತ ಲಾಭ ಜಾಸ್ತಿ. ಬೆಂಕಿ ನಿಷೇಧದ ದಿನ ಬಂದರೆ ಎಂಬ ಭಯಕ್ಕೆ ಬೇಸಿಗೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮಾರ್ಚ್ ಕೊನೆ, ಸೆಪ್ಟೆಂಬರ್ ಕೊನೆ, ಎರಡೇ.

ಸದಸ್ಯರು ಈಗ 41. ಅರೀನಾ ಬಾಡಿಗೆಗೆ ಗಂಟೆ ದೂರದ ಎರಡು ಕ್ಲಬ್ ಭಾನುವಾರ ಬರುತ್ತವೆ, ಕುದುರೆಗೆ ಹದಿನೈದು ಡಾಲರ್. ಒಳ್ಳೆಯ ಕೋಚ್ ಒಬ್ಬರು ತಾವಾಗಿಯೇ ಕೇಳಿಕೊಂಡು ಬಂದರು, ತಿಂಗಳಿಗೆ ಎರಡು ದಿನ. ನಮ್ಮ ಕ್ಲಬ್ಬಿನ ಹದಿನೈದು ವರ್ಷದ ಹುಡುಗಿ ಈ ವರ್ಷ ಇದೇ ನೆಲದಲ್ಲಿ ಕಲಿತು ಜಿಲ್ಲೆಯ ಡ್ರೆಸಾಜ್‌ನಲ್ಲಿ (ಕುದುರೆಯನ್ನು ಹಿಡಿತದಲ್ಲಿ ನಡೆಸುವ ಸ್ಪರ್ಧೆ) ಎರಡನೆಯವಳಾದಳು.

ನೋಡಿಕೊಳ್ಳುವುದು ಸುಲಭ. ಮರಳು ಸಮ ಮಾಡಲು ವಾರಕ್ಕೆರಡು ಸಲ ಸರಪಳಿ ಎಳೆಯುವುದು, ಲದ್ದಿ ಅವತ್ತೇ ಎತ್ತುವುದು, ಉದ್ದ ಹಗ್ಗದಲ್ಲಿ ಸುತ್ತಿಸುವವರನ್ನು ಒಂದೇ ಜಾಗದಲ್ಲಿ ಸುತ್ತಿಸಲು ಬಿಡದಿರುವುದು. ಆ ಹಂತಿಯ ದಾರಿಯೇ ಮೊದಲು ಕೊರೆಯುತ್ತದೆ. ಬೇಲಿ ಪಕ್ಕದ ಪಟ್ಟಿಯಲ್ಲಿ ಈಗ ಮರಳು ಮೂರು ಸೆಂಟಿಮೀಟರ್‌ಗೆ ಇಳಿದಿದೆ. ಮುಂದಿನ ಏಪ್ರಿಲ್‌ಗೆ ಮೂವತ್ತು ಟನ್ ತರಿಸಬೇಕು. ಲಾರಿ ಕೊಡುತ್ತೇನೆ ಅಂತ ಆ ಹಿರಿಯರೇ ಹೇಳಿದ್ದಾರೆ.