ನ್ಯಾಟ್‌ನ ಲೋಹದ ಮೈಗೆ ದಿನಸಿ ಅಂಗಡಿಯ ಫಾಯಿಲ್

ಮಳೆಗಾಲ ಕಳೆದರೂ ನಾನು ಕಟ್ಟಿದ ನ್ಯಾಟ್ ಯುದ್ಧವಿಮಾನದ ಪುಟ್ಟ ಪ್ಲಾಸ್ಟಿಕ್ ಮಾದರಿಯ ಮೇಲೆ ಅಂಟಿಸಿದ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ಅಂಚಿನಲ್ಲೂ ಎದ್ದಿಲ್ಲ. ಮೂತಿಯ ತಿರುವಿನಲ್ಲಿ ಸುಕ್ಕು ಬರುವುದು ಖಂಡಿತ ಎಂದಿದ್ದ ಗೆಳೆಯರು ಭೂತಗನ್ನಡಿ ಹಿಡಿದು ನೋಡಿ, ಗೋಂದು ಯಾವುದೆಂದು ಕೇಳಿ ಹೋಗಿದ್ದಾರೆ.

1965ರ ಪಾಕಿಸ್ತಾನದ ಮೇಲಿನ ಯುದ್ಧಕ್ಕೆ ಇಳಿದಾಗ ನಮ್ಮ ನ್ಯಾಟ್‌ಗಳಲ್ಲಿ ಹೆಚ್ಚಿನವಕ್ಕೆ ಬಣ್ಣವೇ ಇರಲಿಲ್ಲ, ಬರಿಯ ಲೋಹ. ನಮ್ಮೂರು ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ, ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಬೆನ್ನಟ್ಟಿದ ವಿಮಾನಕ್ಕೆ ಸಪ್ಪೆ ಬೆಳ್ಳಿ ಬಣ್ಣ ಬಳಿಯಲು ನನಗೆ ಮನಸ್ಸು ಬರಲಿಲ್ಲ. ಎಲ್ಲರಂತೆ ಹೊಳೆಯುವ ಕಪ್ಪು ಬಣ್ಣದ ಮೇಲೆ ಲೋಹದಂತೆ ಕಾಣುವ ಆಮದು ಲ್ಯಾಕರ್ ಹೊಡೆದೆ. ಪುಟ್ಟ ಬಾಟಲಿಗೆ ಸಾವಿರದ ಹತ್ತಿರ. ಜುಲೈನ ತೇವಕ್ಕೆ ಅದು ಅರ್ಧ ಗಂಟೆಯೊಳಗೆ ಬಿಳಿಚಿಕೊಂಡಿತು. ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿದೆ, ಜೆ.ಸಿ. ರಸ್ತೆಯಿಂದ ನಿಧಾನವಾಗಿ ಆರುವ ತಿನ್ನರ್ ತಂದೆ. ಬಿಳಿಚು ಹೋಯಿತು, ಆದರೆ ಮಾಸ್ಕಿಂಗ್ ಟೇಪ್ ಎಳೆದಾಗ ಪದರವೇ ಕಿತ್ತು ಬಂತು. ಕಿಟ್ ಬಿಟ್ಟು ಮೂರು ಸಾವಿರದಷ್ಟು ನೀರುಪಾಲು.

ಫಾಯಿಲ್ ಸುರುಳಿಗೆ ನೂರು ರೂಪಾಯಿ ಚಿಲ್ಲರೆ. ದಪ್ಪದ್ದು ಬೇಡ, ತೀರ ತೆಳುವಾದ ಅಗ್ಗದ್ದೇ ತಿರುವಿಗೆ ಬಗ್ಗುತ್ತದೆ. 1/72ರಲ್ಲಿ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲೊಂದು ಪಾಲಿನ ಅಳತೆಯಲ್ಲಿ, ರೆಕ್ಕೆಯ ಅಗಲ ತುದಿಯಿಂದ ತುದಿಗೆ ಒಂಬತ್ತೂವರೆ ಸೆಂಟಿಮೀಟರಿನ ಆಸುಪಾಸು. ಮೈಮೇಲೆ ಗೆರೆ ಕೊರೆದು ತೋರಿಸಿದ ಒಂದೊಂದು ತಗಡಿಗೆ, ಅಂದರೆ ಪ್ಯಾನೆಲ್‌ಗೆ, ಒಂದು ತುಂಡು ಸಾಕು, ಮೂತಿಗೆ ಮಾತ್ರ ಉದ್ದುದ್ದ ಪಟ್ಟಿ. ನಡುವಿನಿಂದ ಅಂಚಿನ ಕಡೆಗೆ ಹತ್ತಿಯಿಂದ ತೀಡಿ, ತೆಂಗಿನ ಗರಿಯ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಒತ್ತಿದರೆ ಕೆಳಗಿನ ಗೆರೆ ಸ್ಪಷ್ಟವಾಗಿ ಮೂಡುತ್ತದೆ. ಹೊಸ ಬ್ಲೇಡನ್ನು ಅದೇ ಗೆರೆಯಲ್ಲಿ ಓಡಿಸಿ ಮಿಕ್ಕದ್ದನ್ನು ಸುಲಿಯಬೇಕು. ಒಂದು ಧೂಳಿನ ಕಣವೂ ಮೇಲೆ ಗುಬುಟಾಗಿ ಕಾಣುವುದರಿಂದ ಪ್ಲಾಸ್ಟಿಕ್ಕನ್ನು 2000 ನಂಬರಿನ ಮರಳುಕಾಗದದವರೆಗೂ ಉಜ್ಜಿದ್ದೆ. ಫಾಯಿಲ್‌ಗೆ ಸಣ್ಣ ಎಳೆ ಇರುತ್ತದೆ. ಅಕ್ಕಪಕ್ಕದ ತುಂಡುಗಳ ಎಳೆಯನ್ನು ಅಡ್ಡಡ್ಡ ತಿರುಗಿಸಿ ಹಾಕಿ, ಪ್ರತಿ ಪ್ಯಾನೆಲ್ ಬೇರೆಯಾಗಿ ಬೆಳಕು ಹಿಡಿಯುತ್ತದೆ. ಯಾವ ಬಣ್ಣದಲ್ಲೂ ನಾನು ಇದನ್ನು ಕಂಡಿಲ್ಲ.

ಗೋಂದಿನ ಹೆಸರು, ಅದು ಎಷ್ಟು ಆರಿದ ಮೇಲೆ ಕೂರಿಸಬೇಕೆಂಬುದು ಸದ್ಯ ನನ್ನಲ್ಲೇ ಇರಲಿ.

ಬಿಸಿಗಾಳಿ ಉಗುಳುವ ಜೆಟ್ ಪೈಪಿನ ಸುತ್ತ ಕಂದು ಛಾಯೆ ಬೇಕಿತ್ತು. ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಫಾಯಿಲ್ ಕುದಿಸಿದರೆ ಮಂಕಾಗುತ್ತದೆ, ಹೊತ್ತು ಹೆಚ್ಚಾದಷ್ಟೂ ಕಪ್ಪು. ಅತಿಯಾದರೆ ಹುಣಸೆ ನೀರಿನಲ್ಲಿ ಕುದಿಸಿ, ಮತ್ತೆ ತಿಳಿಯಾಗುತ್ತದೆ. ಹೀಗೆ ನಾಲ್ಕೈದು ಛಾಯೆಗಳನ್ನು ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಡೆಕಾಲ್‌ಗೆ, ಅಂದರೆ ವಿಮಾನದ ಗುರುತುಗಳ ಅಂಟುಚಿತ್ರಗಳಿಗೆ, ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ ಕೂಡ ಬೇಕಾಗಲಿಲ್ಲ.

ಮುಂದಿನದು ಮಿಸ್ಟೇರ್ ಯುದ್ಧವಿಮಾನದ ಮಾದರಿ. ಅದರ ಮೈಯೂ ಲೋಹದ್ದೇ, ಸುರುಳಿಯೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ.